ಲೆಕ್ಕಕ್ಕಿರುವ ಜನ ಆಟಕ್ಕೂ ಇರಲಿ

2006ರ ಮಳೆಗಾಲದಲ್ಲಿ, ಜುಲೈ ಕೊನೆಯಿಂದ ಸೆಪ್ಟೆಂಬರ್‌ವರೆಗೆ, ಪೂರ್ವ ಕೊಲ್ಕತ್ತದ ಬಸ್ತಿಗಳಲ್ಲಿ 66,900 ಮಂದಿ ಎರಡೆರಡು ಸಲ ಬಂದು ಪುಟ್ಟ ಸೀಸೆಯೊಂದರಿಂದ ಒಂದೂವರೆ ಮಿಲಿಲೀಟರ್ ಮದ್ದು ಕುಡಿದು ಹೋದರು. ಒಂದು ವರ್ಷದ ಕೂಸಿನಿಂದ ಹಿಡಿದು ಹಣ್ಣು ಹಣ್ಣು ಮುದುಕರವರೆಗೆ ಎಲ್ಲರೂ ಅದರಲ್ಲಿದ್ದರು. ಅವರಲ್ಲಿ 31,932 ಜನರ ಸೀಸೆಯಲ್ಲಿ ಕಾಲರಾ ಲಸಿಕೆ ಇತ್ತು. ಉಳಿದ 34,968 ಜನರ ಸೀಸೆಯಲ್ಲಿದ್ದದ್ದು ಕಾಲರಾ ತಡೆಯುವ ಗುಣವೇ ಇಲ್ಲದ ಬದಲಿ ದ್ರವ. ಯಾರಿಗೆ ಯಾವುದು ಬಂತೆಂದು ಕುಡಿದವರಿಗೂ ಗೊತ್ತಿರಲಿಲ್ಲ, ಕುಡಿಸಿದವರಿಗೂ ಗೊತ್ತಿರಲಿಲ್ಲ. ಅದಕ್ಕೂ ಮೊದಲು ಮನೆ ಮನೆಗೆ ಹೋಗಿ ಜನಗಣತಿ ಮಾಡಿ, ಓಣಿ ಓಣಿಯ ನಕ್ಷೆ ಬರೆದು, 3,933 ವಸತಿ ಗುಂಪುಗಳನ್ನು ಗುರುತಿಸಿ, ಯಾವ ಗುಂಪಿಗೆ ಯಾವ ಸೀಸೆ ಎಂಬುದನ್ನು ಕಂಪ್ಯೂಟರಿನಿಂದ ಚೀಟಿ ಎತ್ತಿಸಿ ತೀರ್ಮಾನಿಸಲಾಗಿತ್ತು.

ಅಲ್ಲಿಂದ ಮುಂದೆ ಐದು ವರ್ಷ ಆ ಬಸ್ತಿಗಳ ಮೇಲೆ ಕಣ್ಣಿಡಲಾಯಿತು. ಭೇದಿಯೆಂದು ಚಿಕಿತ್ಸಾಲಯಕ್ಕೆ ಬಂದವರ ಮಲದ ಮಾದರಿ ಪರೀಕ್ಷೆಗೆ ಹೋಗುತ್ತಿತ್ತು, ರೋಗಿ ಯಾವ ಮನೆಯವರೆಂದು ಪಟ್ಟಿಯಲ್ಲಿ ಹುಡುಕಲಾಗುತ್ತಿತ್ತು. ಐದನೇ ವರ್ಷದ ಕೊನೆಗೆ ಲೆಕ್ಕ ತೆಗೆದಾಗ ಲಸಿಕೆ ಪಡೆದವರಲ್ಲಿ 69 ಕಾಲರಾ ಪ್ರಕರಣ, ಪಡೆಯದವರಲ್ಲಿ 219. ರಕ್ಷಣೆಯ ಪ್ರಮಾಣ ಶೇ 65. ಬಾಯಿಂದ ಕುಡಿಯುವ, ಅಗ್ಗದ ಕಾಲರಾ ಲಸಿಕೆ ಐದು ವರ್ಷ ನಿಲ್ಲುತ್ತದೆ ಎಂಬುದಕ್ಕೆ ಇಷ್ಟು ಗಟ್ಟಿ ಪುರಾವೆ ಜಗತ್ತಿನಲ್ಲಿ ಅದಕ್ಕೆ ಮುಂಚೆ ಎಲ್ಲಿಯೂ ಇರಲಿಲ್ಲ. ಅಧ್ಯಯನ ನಡೆಸಿದ್ದು ಬೇಲಿಯಾಘಾಟಾದ ಆಗಿನ ರಾಷ್ಟ್ರೀಯ ಕಾಲರಾ ಮತ್ತು ಕರುಳು ರೋಗಗಳ ಸಂಸ್ಥೆ, ಜನ ಕರೆಯುತ್ತಿದ್ದಂತೆ 'ನೈಸೆಡ್'. ಜೊತೆಗಿದ್ದದ್ದು ದಕ್ಷಿಣ ಕೊರಿಯಾದ ಸಿಯೋಲ್‌ನ ಅಂತರರಾಷ್ಟ್ರೀಯ ಲಸಿಕಾ ಸಂಸ್ಥೆ. ಲಸಿಕೆ ತಯಾರಿಸಿದ್ದು ಹೈದರಾಬಾದಿನ ಶಾಂತಾ ಬಯೋಟೆಕ್ನಿಕ್ಸ್.

ಮುಂದಿನದು ದೊಡ್ಡ ಕಥೆ. 'ಶಾಂಕಾಲ್' ಎಂಬ ಹೆಸರಿನಲ್ಲಿ ಆ ಲಸಿಕೆಗೆ 2009ರಲ್ಲಿ ಭಾರತದಲ್ಲಿ ಪರವಾನಗಿ ಸಿಕ್ಕಿತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮಾನ್ಯತೆ ಬಂತು. 2012ರಲ್ಲಿ ಹೈಟಿಗೂ ಆಫ್ರಿಕದ ಗಿನಿಗೂ ಹೋಯಿತು. 2013ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಕಾಲರಾ ಲಸಿಕೆಯ ಜಾಗತಿಕ ದಾಸ್ತಾನು ಆರಂಭಿಸಿತು. ಯುದ್ಧ, ನೆರೆ, ನಿರಾಶ್ರಿತರ ಶಿಬಿರ ಎಂದಾಗಲೆಲ್ಲ ಇಂದು ವಿಮಾನದಲ್ಲಿ ಹೋಗುವ ಕಾಲರಾ ಲಸಿಕೆಯ ಹಿಂದೆ ಕೊಲ್ಕತ್ತದ ಬಸ್ತಿಗಳ ಆ ಐದು ವರ್ಷಗಳಿವೆ.

ಭಾರತದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಲ್ಲಿ ಮಾತ್ರ ಕಾಲರಾ ಲಸಿಕೆ ಇಲ್ಲ. ಪುರಾವೆ ಒದಗಿಸಿದ ಬಸ್ತಿಯಲ್ಲಿ ಇವತ್ತು ಹುಟ್ಟುವ ಮಗುವಿಗೆ ಸರ್ಕಾರಿ ಲಸಿಕಾ ಕಾರ್ಡಿನ ಮೂಲಕ ಅದು ಸಿಗುವುದಿಲ್ಲ. ಇದಕ್ಕೆ ತಜ್ಞರು ಕಾರಣ ಕೊಡಬಹುದು; ಲಸಿಕೆಗಿಂತ ಮೊದಲು ಕೊಳಾಯಿ ಮತ್ತು ಒಳಚರಂಡಿಗೆ ಹಣ ಹಾಕಬೇಕು ಎಂಬ ವಾದದಲ್ಲಿ ಹುರುಳೂ ಇದೆ. ಕೇಳಬೇಕಾದ ಪ್ರಶ್ನೆ ಬೇರೆ. ಆ ತೀರ್ಮಾನದ ಮೇಜಿನ ಸುತ್ತ ಬಸ್ತಿಯವರು ಯಾರಾದರೂ ಕೂತಿದ್ದರೇ? ಅಧ್ಯಯನ ಶುರುವಾಗುವ ಮೊದಲೇ, 'ಇದು ಫಲ ಕೊಟ್ಟರೆ ನಮ್ಮ ಓಣಿಗೆ ಯಾವಾಗ, ಎಷ್ಟಕ್ಕೆ' ಎಂದು ಕೇಳಿ ಉತ್ತರವನ್ನು ಬರಹದಲ್ಲಿ ಪಡೆಯುವ ಅಧಿಕಾರ ಅವರಿಗಿತ್ತೇ? ಲೆಕ್ಕಕ್ಕುಂಟು ಆಟಕ್ಕಿಲ್ಲ ಎಂಬ ಕನ್ನಡದ ಗಾದೆ ಭಾರತದ ಬಹುಪಾಲು ದೀರ್ಘಕಾಲದ ಆರೋಗ್ಯ ಅಧ್ಯಯನಗಳಲ್ಲಿ ಪಾಲ್ಗೊಂಡ ಜನರಿಗೆ ಅಕ್ಷರಶಃ ಒಪ್ಪುತ್ತದೆ. ಅವರನ್ನು ಎಣಿಸುತ್ತಾರೆ, ಅಳೆಯುತ್ತಾರೆ, ರಕ್ತ ತೆಗೆಯುತ್ತಾರೆ. ಏನನ್ನು ಅಳೆಯಬೇಕು, ಅಳೆದದ್ದನ್ನು ಏನು ಮಾಡಬೇಕು ಎಂದು ಕೇಳುವುದಿಲ್ಲ. ಇದು ಬದಲಾಗಬೇಕು, ಮತ್ತು ಬದಲಾಯಿಸುವುದು ಸಾಧ್ಯ ಎಂಬುದಕ್ಕೆ ಅದೇ ಕೊಲ್ಕತ್ತದಲ್ಲಿ ಸಾಕ್ಷಿ ಇದೆ.

ಕಾಲರಾ ವಿಚಾರದಲ್ಲಿ ಆ ಊರಿನ ಋಣ ಹಳೆಯದು. 1894ರಲ್ಲಿ ವಾಲ್ಡೆಮಾರ್ ಹಾಫ್ಕಿನ್ ಎಂಬ ವಿಜ್ಞಾನಿ ತಾನು ಕಂಡುಹಿಡಿದ ಕಾಲರಾ ಚುಚ್ಚುಮದ್ದಿನೊಂದಿಗೆ ಕಲ್ಕತ್ತೆಯಲ್ಲಿದ್ದ. ಎರಡು ವರ್ಷದ ಹಿಂದೆ ಪ್ಯಾರಿಸ್ಸಿನಲ್ಲಿ ಅದನ್ನು ಮೊದಲು ತನಗೇ ಚುಚ್ಚಿಕೊಂಡಿದ್ದವನು. ಆ ವರ್ಷದ ಮಾರ್ಚ್ ಕೊನೆಯಲ್ಲಿ ಕಟ್ಟಾಲ್ ಬಗಾನ್ ಬಸ್ತಿಯಲ್ಲಿ ಇಬ್ಬರು ಕಾಲರಾದಿಂದ ಸತ್ತರು. ಹಾಫ್ಕಿನ್ ಅಲ್ಲಿಗೆ ಹೋಗಿ ಸುಮಾರು 200 ನಿವಾಸಿಗಳಲ್ಲಿ 116 ಜನರಿಗೆ ಚುಚ್ಚುಮದ್ದು ಕೊಟ್ಟ. ಆಮೇಲೆ ಅಲ್ಲಿ ಹತ್ತು ಜನರಿಗೆ ಕಾಲರಾ ಬಂತು, ಏಳು ಜನ ಸತ್ತರು. ಹತ್ತೂ ಮಂದಿ ಚುಚ್ಚುಮದ್ದು ಪಡೆಯದವರು. ಪರದೇಶಿ ಬಿಳಿಯನೊಬ್ಬ ಸೂಜಿ ಹಿಡಿದು ಬಂದಾಗ ಬಸ್ತಿಯ ಜನ ತೋಳು ಕೊಟ್ಟದ್ದು ಸುಮ್ಮನೆ ಅಲ್ಲ. ಅವನ ಜೊತೆ ಚೌಧರಿ, ಘೋಷ್, ಚಟರ್ಜಿ, ದತ್ತ ಎಂಬ ನಾಲ್ವರು ಇಲ್ಲಿನ ವೈದ್ಯರಿದ್ದರು. ಇಂಥವರ ಹೆಸರುಗಳು ವೈದ್ಯಕೀಯ ಚರಿತ್ರೆಯಲ್ಲಿ ಅಡಿಟಿಪ್ಪಣಿಯಾಗಿ ಉಳಿದಿವೆ. ನಂಬಿಕೆ ದುಡಿದು ತಂದವರು ಅವರು.

ಅದೇ ಪಾಠ 2020ರ ಡಿಸೆಂಬರಿನಲ್ಲೂ ಬೇಕಾಯಿತು. ಕೋವ್ಯಾಕ್ಸಿನ್‌ನ ಮೂರನೇ ಹಂತದ ಪ್ರಯೋಗ ನೈಸೆಡ್‌ನಲ್ಲಿ ಆರಂಭವಾದಾಗ ರಾಜ್ಯದ ಸಚಿವರೂ ಮಹಾನಗರ ಪಾಲಿಕೆಯ ಆಡಳಿತ ಮುಖ್ಯಸ್ಥರೂ ಆಗಿದ್ದ ಫಿರ್‌ಹಾದ್ ಹಕೀಂ ಸ್ವಯಂಸೇವಕನಾಗಿ ತೋಳು ಕೊಟ್ಟರು. ಮುಂದಾಳು ಮುಂದೆ ನಿಂತರೆ ಜನ ಬರುತ್ತಾರೆ. ಆದರೆ ಜನರನ್ನು ಬರಮಾಡಿಕೊಳ್ಳುವುದು ಅರ್ಧ ಕೆಲಸ. ಒಂದು ದಿನದ ಶಿಬಿರಕ್ಕೆ ಅಷ್ಟು ಸಾಕು, ಇಪ್ಪತ್ತು ವರ್ಷದ ಅಧ್ಯಯನಕ್ಕೆ ಸಾಲದು.

ಒಳ್ಳೆಯ ಉದ್ದೇಶದ ವಿಜ್ಞಾನಿಗಳು ಜನರ ಮುಖ ನೋಡಿ ಅಧ್ಯಯನದ ವಿನ್ಯಾಸವನ್ನೇ ಬದಲಿಸಬಲ್ಲರು ಎಂಬುದಕ್ಕೂ ಕೊಲ್ಕತ್ತದಲ್ಲೇ ಉದಾಹರಣೆ ಇದೆ. ಕಾಲರಾ ಪ್ರಯೋಗಕ್ಕಿಂತ ಎರಡು ವರ್ಷ ಮೊದಲು, 2004ರ ಕೊನೆಯಲ್ಲಿ, ಅದೇ ಭಾಗದ ಬಸ್ತಿಗಳಲ್ಲಿ ಟೈಫಾಯಿಡ್ ಲಸಿಕೆಯ ಪ್ರಯೋಗ ನಡೆಯಿತು. 80 ಗುಂಪುಗಳು, 37,673 ಜನ. ಅಲ್ಲಿ ಹೋಲಿಕೆಯ ಗುಂಪಿನವರಿಗೆ ಬರಿದೇ ನೀರಿನಂಥದ್ದನ್ನು ಚುಚ್ಚಲಿಲ್ಲ, ಹೆಪಟೈಟಿಸ್-ಎ ಲಸಿಕೆ ಕೊಟ್ಟರು. ಟೈಫಾಯಿಡ್ ಲಸಿಕೆಯ ಚೀಟಿ ಬರದವನಿಗೂ ಕಾಮಾಲೆಯ ಒಂದು ಬಗೆಯಿಂದ ರಕ್ಷಣೆ ಸಿಕ್ಕಿತು, ಬರಿಗೈಯಲ್ಲಿ ಯಾರೂ ಮನೆಗೆ ಹೋಗಲಿಲ್ಲ. ಫಲಿತಾಂಶವೂ ಬೆಲೆಬಾಳುವಂಥದ್ದು: ಲಸಿಕೆ ಪಡೆದವರಲ್ಲಿ ಶೇ 61ರಷ್ಟು ರಕ್ಷಣೆ, ಅದೇ ಗುಂಪುಗಳಲ್ಲಿ ಲಸಿಕೆ ಪಡೆಯದೆ ಅವರ ನಡುವೆ ಬದುಕಿದವರಲ್ಲೂ ಶೇ 44. ಅಂದರೆ ಸೂಜಿಗೆ ಹೆದರಿ ಮನೆಯಲ್ಲೇ ಉಳಿದ ಅಜ್ಜಿಯೂ ಪಕ್ಕದ ಮನೆಯವರು ಪಡೆದ ಲಸಿಕೆಯಿಂದ ಬಚಾವಾದಳು. ಜನರನ್ನು ಒಬ್ಬೊಬ್ಬರಾಗಿ ಅಲ್ಲದೆ ಓಣಿಯಾಗಿ ನೋಡಿದ್ದರಿಂದ ಸಿಕ್ಕ ಅರಿವು ಇದು.

ಆದರೂ ಒಪ್ಪಿಗೆಯ ಪ್ರಶ್ನೆ ಉಳಿಯುತ್ತದೆ. ಮೊದಲ ದಿನ ಹಾಕಿದ ಒಂದು ಸಹಿ ಎಷ್ಟು ವರ್ಷ ನಡೆಯುತ್ತದೆ? ಬಸ್ತಿಯ ಬದುಕು ನಿಂತ ನೀರಲ್ಲ. ಬಾಡಿಗೆ ಏರಿತೆಂದು ಒಂದು ಕುಟುಂಬ ಕಾಲುವೆಯ ಆಚೆಗೆ ಹೋಗುತ್ತದೆ, ಬಿಹಾರದಿಂದ ಬಂದ ಇನ್ನೊಂದು ಕುಟುಂಬ ಅದೇ ಕೋಣೆಗೆ ಬರುತ್ತದೆ. ಹೆಬ್ಬೆಟ್ಟು ಒತ್ತಿದ ಅಪ್ಪ ತೀರಿಕೊಂಡಿರುತ್ತಾನೆ. ಅವನ ಒಪ್ಪಿಗೆಯ ಮೇಲೆ ಸೇರಿದ ಎರಡು ವರ್ಷದ ಮಗು ಈಗ ಕಾಲೇಜಿಗೆ ಹೋಗುತ್ತಿರುತ್ತದೆ. ರಿಜಿಸ್ಟರ್ ಹಿಡಿದು ವರ್ಷಕ್ಕೊಮ್ಮೆ ಬಾಗಿಲು ತಟ್ಟುವ ಹುಡುಗಿಗೆ ಇದೆಲ್ಲ ಗೊತ್ತಿರುತ್ತದೆ. ಯಾರ ಮನೆಯಲ್ಲಿ ಯಾರಿಗೆ ಸಿಟ್ಟು ಬಂದಿದೆ, 'ಹೋದ ವರ್ಷ ತೆಗೆದ ರಕ್ತದ ರಿಪೋರ್ಟ್ ಎಲ್ಲಿ' ಎಂದು ಯಾವ ಹೆಂಗಸು ಗದರಿದಳು, ಯಾವ ಮುದುಕ 'ನನ್ನ ಮಂಡಿನೋವು ಯಾಕೆ ಬರೆದುಕೊಳ್ಳುವುದಿಲ್ಲ' ಎಂದು ಕೇಳಿದ, ಎಲ್ಲವೂ. ನಮೂನೆಯಲ್ಲಿ ಅದಕ್ಕೆ ಕಾಲಂ ಇರುವುದಿಲ್ಲ. ದೀರ್ಘ ಅಧ್ಯಯನಗಳಿಗೆ ಬೇಕಾದ ಅತಿ ಮುಖ್ಯ ಮಾಹಿತಿ ಹೀಗೆ ಹೊಸ್ತಿಲಲ್ಲೇ ಉಳಿದುಹೋಗುತ್ತದೆ.

ಆ ಹೊಸ್ತಿಲನ್ನು ದಾಟಿದ್ದು ಸೋನಾಗಾಛಿ.

ಉತ್ತರ ಕೊಲ್ಕತ್ತದ ಈ ಪ್ರದೇಶ ಲೈಂಗಿಕ ವೃತ್ತಿಯ ಹಳೆಯ ಕೇಂದ್ರ. 1992ರಲ್ಲಿ ಅಖಿಲ ಭಾರತ ನೈರ್ಮಲ್ಯ ಮತ್ತು ಸಾರ್ವಜನಿಕ ಆರೋಗ್ಯ ಸಂಸ್ಥೆಯ ಡಾ. ಸ್ಮರಜಿತ್ ಜಾನಾ ಅಲ್ಲಿ ಲೈಂಗಿಕ ರೋಗಗಳ ಮತ್ತು ಎಚ್‌ಐವಿಯ ಸಮೀಕ್ಷೆಗೆ ಹೋದರು. ಆಗಿನ ಪದ್ಧತಿಯಂತೆ ರಕ್ತ ತೆಗೆದು, ಶೇಕಡಾವಾರು ಬರೆದು, ವರದಿ ಒಪ್ಪಿಸಿ ವಾಪಸಾಗಬಹುದಿತ್ತು. ಜಾನಾ ಅಲ್ಲಿನ ಹೆಣ್ಣುಮಕ್ಕಳನ್ನೇ ಕೆಲಸಕ್ಕೆ ತೆಗೆದುಕೊಂಡರು. ಹಸಿರು ಕೋಟು ತೊಟ್ಟು, ಗುರುತಿನ ಚೀಟಿ ಹಾಕಿಕೊಂಡು, ಅವರು ತಮ್ಮದೇ ಓಣಿಗಳಲ್ಲಿ ಮನೆ ಮನೆಗೆ ಹೋದರು. ನಿನ್ನೆಯವರೆಗೆ ಪೊಲೀಸಿನವನೂ ಗೂಂಡಾನೂ ಏಕವಚನದಲ್ಲಿ ಕರೆಯುತ್ತಿದ್ದವಳು ಆ ಕೋಟು ತೊಟ್ಟ ದಿನದಿಂದ ಆರೋಗ್ಯ ಕಾರ್ಯಕರ್ತೆ. ಕಾಂಡೋಮ್ ಎಂಬ ಮಾತೆತ್ತಿದರೆ ಗಿರಾಕಿ ಪಕ್ಕದ ಮನೆಗೆ ಹೋಗುತ್ತಾನೆ ಎಂಬುದು ಯಾವ ಪ್ರಶ್ನಾವಳಿಯಲ್ಲೂ ಇರಲಿಲ್ಲ. ಅದನ್ನು ಹೇಳಿದ್ದು ಅವರು. ಹಾಗಾದರೆ ಇಡೀ ಓಣಿ ಒಟ್ಟಾಗಿ 'ಇಲ್ಲದೆ ಇಲ್ಲ' ಎನ್ನಬೇಕು ಎಂಬ ಪರಿಹಾರವೂ ಅವರದೇ. ಸಾಲ ಕೊಡುವವನ ಬಡ್ಡಿಗೆ ಅಂಜಿ ಗಿರಾಕಿಗೆ ಮಣಿಯಬೇಕಾಗುತ್ತದೆ ಎಂದು ಅವರು ಹೇಳಿದ್ದರಿಂದ 1995ರಲ್ಲಿ 'ಉಷಾ' ಎಂಬ ಸಹಕಾರ ಸಂಘವೇ ಹುಟ್ಟಿತು. ಎಚ್‌ಐವಿ ಅಧ್ಯಯನಕ್ಕೂ ಬಡ್ಡಿ ವ್ಯವಹಾರಕ್ಕೂ ಏನು ಸಂಬಂಧ ಎಂದು ಹೊರಗಿನ ಯಾವ ತಜ್ಞನಿಗೂ ಹೊಳೆಯುತ್ತಿರಲಿಲ್ಲ.

ಅದೇ 1995ರಲ್ಲಿ ಅವರ ಸಂಘಟನೆ 'ದುರ್ಬಾರ್ ಮಹಿಳಾ ಸಮನ್ವಯ ಸಮಿತಿ' ಹುಟ್ಟಿತು. 1999ರಲ್ಲಿ ಆ ಇಡೀ ಆರೋಗ್ಯ ಕಾರ್ಯಕ್ರಮದ ಆಡಳಿತ ಅವರ ಕೈಗೇ ಬಂತು. ತೊಂಬತ್ತರ ದಶಕದಲ್ಲಿ ಮುಂಬೈಯ ಕೆಂಪುದೀಪ ಪ್ರದೇಶಗಳಲ್ಲಿ ಎಚ್‌ಐವಿ ಸೋಂಕು ಅರ್ಧದಷ್ಟು ಹೆಂಗಸರನ್ನು ಮುಟ್ಟಿದ್ದಾಗ ಸೋನಾಗಾಛಿಯಲ್ಲಿ ಅದು ಅದರ ಸಣ್ಣ ಪಾಲಿನಲ್ಲೇ ನಿಂತಿತು. ಜಗತ್ತಿನ ಸಾರ್ವಜನಿಕ ಆರೋಗ್ಯದ ತರಗತಿಗಳಲ್ಲಿ ಇಂದು 'ಸೋನಾಗಾಛಿ ಮಾದರಿ' ಎಂದೇ ಪಾಠ ಮಾಡುತ್ತಾರೆ. ಜಾನಾ 2021ರ ಮೇ ತಿಂಗಳಲ್ಲಿ ಕೋವಿಡ್‌ನಿಂದ ತೀರಿಕೊಂಡರು. ಅವರು ಕಟ್ಟಿದ್ದು ಅವರಿಲ್ಲದೆಯೂ ನಡೆಯುತ್ತಿರುವುದೇ ಅವರ ಕೆಲಸದ ಗುಣ.

ಈ ಕಥೆಯ ಒಂದು ಎಳೆ ಮೈಸೂರಿಗೂ ಬಂದಿದೆ ಎಂಬುದು ಕನ್ನಡಿಗರಿಗೆ ಅಷ್ಟಾಗಿ ತಿಳಿದಿಲ್ಲ. ಎಚ್‌ಐವಿ ಬರುವ ಮೊದಲೇ ತಡೆಯುವ ಮಾತ್ರೆಯನ್ನು ದಿನಾ ನುಂಗುವುದು ಲೈಂಗಿಕ ವೃತ್ತಿಯ ಹೆಂಗಸರಿಗೆ ಸಾಧ್ಯವೇ ಎಂದು ಪರೀಕ್ಷಿಸುವ ಅಧ್ಯಯನ ಕಳೆದ ದಶಕದಲ್ಲಿ ಭಾರತದ ಎರಡು ಊರುಗಳಲ್ಲಿ ನಡೆಯಿತು: ಕೊಲ್ಕತ್ತದಲ್ಲಿ ದುರ್ಬಾರ್, ಮೈಸೂರಿನಲ್ಲಿ ಅಶೋದಯ ಸಮಿತಿ. ಎರಡೂ ಆ ಹೆಣ್ಣುಮಕ್ಕಳದೇ ಸಂಘಟನೆಗಳು. ಮಾತ್ರೆ ಕೊಡುವುದಕ್ಕೆ ಮುಂಚೆ ಸಮುದಾಯದೊಳಗೇ ಸುದೀರ್ಘ ಸಮಾಲೋಚನೆ ನಡೆಸಿ, ಆಮೇಲಷ್ಟೇ ಹೆಜ್ಜೆ ಇಟ್ಟರು. ಎರಡೂ ಊರು ಸೇರಿ ಸಾವಿರಕ್ಕೂ ಹೆಚ್ಚು ಹೆಂಗಸರು ಸೇರಿಕೊಂಡರು, ಬಹುಪಾಲು ಜನ ಕೊನೆಯವರೆಗೂ ಉಳಿದರು. ಇಂಥದ್ದೇ ಮಾತ್ರೆಯ ಪ್ರಯೋಗ 2004ರಲ್ಲಿ ಕಾಂಬೋಡಿಯಾದಲ್ಲಿ ಶುರುವಾಗುವ ಮೊದಲೇ ಮುರಿದುಬಿದ್ದಿತ್ತು. ಅಡ್ಡಪರಿಣಾಮವಾದರೆ ಮುಂದಿನ ವರ್ಷಗಳಲ್ಲಿ ನಮ್ಮ ಚಿಕಿತ್ಸೆಯ ಹೊಣೆ ಯಾರದು ಎಂದು ಅಲ್ಲಿನ ಹೆಂಗಸರು ಕೇಳಿದ ಪ್ರಶ್ನೆಗೆ ಒಪ್ಪುವಂಥ ಉತ್ತರ ಸಿಗದೆ, ಸರ್ಕಾರವೇ ಅದನ್ನು ನಿಲ್ಲಿಸಿತು. ಜನರನ್ನು ಕೇಳಿದರೆ ತಡವಾಗುತ್ತದೆ ಎನ್ನುವವರು ಈ ಎರಡು ಘಟನೆಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು.

ಮೈಸೂರು ಎಂದ ಮೇಲೆ ಹೋಲ್ಡ್ಸ್‌ವರ್ತ್ ಆಸ್ಪತ್ರೆಯನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಊರಿನ ಹಳಬರು ಮಿಷನ್ ಆಸ್ಪತ್ರೆ ಎನ್ನುವ ಅಲ್ಲಿ 1934ರಿಂದಲೂ ಹೆರಿಗೆಯ ದಾಖಲೆಗಳಿವೆ. ಪ್ರತಿ ಕೂಸಿನ ತೂಕ, ಉದ್ದ, ತಲೆಯ ಸುತ್ತಳತೆ. ಬರೆದಿಟ್ಟ ಸೂಲಗಿತ್ತಿಯರಿಗೆ ಇದು ಅರವತ್ತು ವರ್ಷದ ನಂತರ ಲಂಡನ್ನಿನ 'ಲ್ಯಾನ್ಸೆಟ್' ಪತ್ರಿಕೆಗೆ ಹೋಗುತ್ತದೆಂಬ ಕಲ್ಪನೆ ಇದ್ದಿರಲಾರದು. ತೊಂಬತ್ತರ ದಶಕದಲ್ಲಿ ಸಂಶೋಧಕರು ಆ ದಾಖಲೆ ಹಿಡಿದು, ಊರಿನಲ್ಲಿ ಮನೆ ಮನೆ ಹುಡುಕಿ, ಅಲ್ಲಿ ಹುಟ್ಟಿ ನಡುವಯಸ್ಸಿಗೆ ಬಂದ 517 ಮಂದಿಯನ್ನು ಪರೀಕ್ಷಿಸಿದರು. 1996ರಲ್ಲಿ ಪ್ರಕಟವಾದ ಫಲಿತಾಂಶ: ಹುಟ್ಟುವಾಗ ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ಇದ್ದವರಲ್ಲಿ ಶೇ 11 ಜನರಿಗೆ ಹೃದ್ರೋಗ, 3.1 ಕಿಲೋಗಿಂತ ಹೆಚ್ಚಿದ್ದವರಲ್ಲಿ ಶೇ 3. ಬಸುರಿಯ ಊಟಕ್ಕೂ ಅರವತ್ತರ ವಯಸ್ಸಿನ ಎದೆನೋವಿಗೂ ನಂಟು ಇರಬಹುದೆಂದು ಭಾರತದಲ್ಲಿ ಮೊದಲು ತೋರಿಸಿದ ಊರು ಮೈಸೂರು. 1997-98ರಲ್ಲಿ ಅದೇ ಆಸ್ಪತ್ರೆಯಲ್ಲಿ 'ಪಾರ್ಥೆನನ್' ಎಂಬ ಹೊಸ ಅಧ್ಯಯನ 830 ಗರ್ಭಿಣಿಯರಿಂದ ಆರಂಭವಾಯಿತು. ಅವರ ಮಕ್ಕಳು ಈಗ ತಾವೇ ಸಂಸಾರ ಹೂಡುವ ವಯಸ್ಸಿನವರು. ಬೆಳೆಯುತ್ತ ಬೆಳೆಯುತ್ತ ಮತ್ತೆ ಮತ್ತೆ ಅದೇ ಆಸ್ಪತ್ರೆಗೆ ಬಂದು ತೂಕ ಹಾಕಿಸಿಕೊಂಡು, ರಕ್ತ ಕೊಟ್ಟು ಹೋದವರು. ಭಾರತದ ಸಕ್ಕರೆ ಕಾಯಿಲೆಯ ಬಗೆಗಿನ ತಿಳಿವಳಿಕೆಯಲ್ಲಿ ಆ ಕುಟುಂಬಗಳ ಪಾಲು ದೊಡ್ಡದು. ಮೈಸೂರಿನ ದಸರಾ ವಸ್ತುಪ್ರದರ್ಶನದಲ್ಲಿ ಎಲ್ಲ ಇಲಾಖೆಗಳ ಮಳಿಗೆಗೂ ಜಾಗವಿದೆ. ಈ ಕಥೆಗೂ ಒಂದು ಮಳಿಗೆ ಕೊಡಬಹುದು.

ಕೋಲಾರದ ಶ್ರೀನಿವಾಸಪುರದಲ್ಲಿ ಇನ್ನೊಂದು ಬಗೆಯ ಕೆಲಸ ನಡೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರ 2018ರಿಂದ ಅಲ್ಲಿನ ಹಳ್ಳಿಗಳಲ್ಲಿ 45 ದಾಟಿದವರ ಮಿದುಳು ಹೇಗೆ ಮುಪ್ಪಾಗುತ್ತದೆ ಎಂದು ನೋಡುತ್ತಿದೆ. ಗುರಿ 10,000 ಜನ. ಮರೆವಿನ ಕಾಯಿಲೆಯ ಬಗ್ಗೆ ಜಗತ್ತಿಗಿರುವ ತಿಳಿವಳಿಕೆಯೆಲ್ಲ ಹೆಚ್ಚಾಗಿ ಓದು ಬರಹ ಬಲ್ಲ ಬಿಳಿಯರಿಂದ ಬಂದದ್ದು. ಮಾವಿನ ತೋಪಿನಲ್ಲಿ ಬದುಕು ಸವೆಸಿದ, ಶಾಲೆಯ ಮೆಟ್ಟಿಲು ಹತ್ತದ, ಮನೆಯಲ್ಲಿ ತೆಲುಗೂ ಸಂತೆಯಲ್ಲಿ ಕನ್ನಡವೂ ಆಡುವ ಅಜ್ಜಿಯ ನೆನಪಿನ ಶಕ್ತಿಯನ್ನು ಅಳೆಯುವುದು ಹೇಗೆ? ಪೆನ್ಸಿಲ್ ಕೊಟ್ಟು ಗಡಿಯಾರ ಬರೆ ಎಂದರೆ ಅವಳು ಸೋಲುತ್ತಾಳೆ. ಆ ಸೋಲಿಗೂ ಮಿದುಳಿನ ಆರೋಗ್ಯಕ್ಕೂ ಸಂಬಂಧವಿಲ್ಲ. ಅದೇ ಅಜ್ಜಿ ಯಾವ ಮರ ಯಾವ ವರ್ಷ ಎಷ್ಟು ಕಾಯಿ ಬಿಟ್ಟಿತ್ತು, ಯಾರ ಮದುವೆಗೆ ಎಷ್ಟು ಮುಯ್ಯಿ ಹೋಯಿತು ಎಂದು ಪಟಪಟನೆ ಹೇಳಬಲ್ಲಳು. ಪರೀಕ್ಷೆಯ ಪ್ರಶ್ನೆಗಳನ್ನು ಆ ಊರಿನ ಬದುಕಿಗೆ ಹೊಂದಿಸುವ ಕೆಲಸದಲ್ಲಿ ಆ ಊರಿನವರಷ್ಟು ದೊಡ್ಡ ತಜ್ಞರು ಬೇರೆ ಯಾರೂ ಇಲ್ಲ. ಜನರನ್ನು ಒಳಗೊಳ್ಳುವುದು ಎಂದರೆ ಉಪಕಾರ ಮಾಡಿದಂತೆ ಎಂದು ಭಾವಿಸುವವರು ಇದನ್ನು ಗಮನಿಸಬೇಕು. ಒಳಗೊಳ್ಳದಿದ್ದರೆ ಅಳತೆಯೇ ತಪ್ಪುತ್ತದೆ.

ಅಳತೆ ತಪ್ಪುವುದಕ್ಕಿಂತ ದೊಡ್ಡ ಅನಾಹುತವೂ ಆಗಿದೆ. 2009ರಲ್ಲಿ ಆಗಿನ ಆಂಧ್ರಪ್ರದೇಶದ ಖಮ್ಮಂ ಮತ್ತು ಗುಜರಾತಿನ ವಡೋದರಾ ಜಿಲ್ಲೆಗಳಲ್ಲಿ ಗರ್ಭಕೊರಳಿನ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆಯನ್ನು ಸುಮಾರು 24,000 ಹುಡುಗಿಯರಿಗೆ ಕೊಟ್ಟ ಯೋಜನೆ ನಡೆಯಿತು. ಖಮ್ಮಂನಲ್ಲಿ ಬುಡಕಟ್ಟು ಹುಡುಗಿಯರ ಹಾಸ್ಟೆಲುಗಳಲ್ಲಿ ಅಪ್ಪ ಅಮ್ಮಂದಿರ ಬದಲು ವಾರ್ಡನ್‌ಗಳೇ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದ್ದರು. ಕೆಲವು ಹುಡುಗಿಯರು ಸತ್ತ ಸುದ್ದಿ ಬಂದಾಗ 2010ರಲ್ಲಿ ಯೋಜನೆ ನಿಂತಿತು. ಸಾವುಗಳಿಗೂ ಲಸಿಕೆಗೂ ಸಂಬಂಧ ಕಾಣಲಿಲ್ಲ ಎಂದು ತನಿಖೆ ಹೇಳಿತು, ಆದರೆ ಒಪ್ಪಿಗೆ ಪಡೆದ ರೀತಿಯನ್ನು 2013ರಲ್ಲಿ ಸಂಸದೀಯ ಸಮಿತಿ ಕಟುವಾಗಿ ಖಂಡಿಸಿತು. ಒಳ್ಳೆಯ ಲಸಿಕೆಯೊಂದರ ಹೆಸರು ವರ್ಷಗಟ್ಟಲೆ ಕೆಟ್ಟಿತು. ಬೇರೆ ದೇಶಗಳ ಹುಡುಗಿಯರಿಗೆ ಸರ್ಕಾರವೇ ಕೊಡುತ್ತಿದ್ದ ರಕ್ಷಣೆ ಇಲ್ಲಿನವರಿಗೆ ದೂರವೇ ಉಳಿಯಿತು. ಅಮ್ಮಂದಿರನ್ನು ಕೂರಿಸಿ ಮಾತಾಡಿಸಲು ಹಿಡಿಯಬಹುದಾಗಿದ್ದ ಕೆಲವು ವಾರಗಳನ್ನು ಉಳಿಸಲು ಹೋಗಿ ಕಳೆದುಕೊಂಡದ್ದು ಅಷ್ಟು ವರ್ಷಗಳನ್ನು.

ಬೇರೆ ಕಡೆ ದಾರಿ ಹೇಗಿದೆ ಎಂದು ನೋಡಬಹುದು. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಎಂಬ ಸಣ್ಣ ಊರಿನಲ್ಲಿ 1948ರಲ್ಲಿ 5,209 ಜನರಿಂದ ಶುರುವಾದ ಹೃದ್ರೋಗ ಅಧ್ಯಯನ ಮೂರನೇ ತಲೆಮಾರಿಗೆ ಬಂದಿದೆ. ರಕ್ತದೊತ್ತಡ, ಕೊಲೆಸ್ಟರಾಲ್ ಎಂದು ಇಂದು ಹಳ್ಳಿಯ ಕಟ್ಟೆಯ ಮೇಲೂ ಮಾತಾಡುವುದರ ಮೂಲ ಅಲ್ಲಿದೆ. ಅಲ್ಲಿ ನೆರೆಹೊರೆಯವರನ್ನು ಸೇರಿಸಿದ್ದು ಊರಿನ ಜನರದೇ ಸಮಿತಿ. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ 1991-92ರಲ್ಲಿ 14,000ಕ್ಕೂ ಹೆಚ್ಚು ಗರ್ಭಿಣಿಯರಿಂದ ಆರಂಭವಾದ ಅಧ್ಯಯನ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಆ ಮಕ್ಕಳು ಹದಿಹರೆಯಕ್ಕೆ ಬಂದಾಗ ಅವರದೇ ಸಲಹಾ ಮಂಡಳಿ ರಚನೆಯಾಯಿತು. ಯಾವ ಪ್ರಶ್ನೆ ಮುಜುಗರದ್ದು, ಯಾವ ಪರೀಕ್ಷೆಗೆ ಯಾರೂ ಬರುವುದಿಲ್ಲ, ಕಾಗದವನ್ನು ಹೇಗೆ ಬರೆದರೆ ಅರ್ಥವಾಗುತ್ತದೆ ಎಂದು ಅವರು ಹೇಳುತ್ತಾರೆ, ಸಂಶೋಧಕರು ಕೇಳುತ್ತಾರೆ. ಮೂರು ದಶಕ ದಾಟಿದರೂ ಸಾವಿರಾರು ಜನ ಅದರಲ್ಲಿ ಉಳಿದಿದ್ದಾರೆ.

ಭಾರತದಲ್ಲಿ ಕಾಗದದ ಮೇಲೆ ಏನೂ ಇಲ್ಲವೆಂದಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ನೈತಿಕ ಮಾರ್ಗಸೂಚಿ ಸಮುದಾಯದ ಸಲಹಾ ಮಂಡಳಿಗಳ ಬಗ್ಗೆ ಹೇಳುತ್ತದೆ. ನೀತಿ ಸಮಿತಿಯಲ್ಲಿ ಒಬ್ಬ ಸಾಮಾನ್ಯ ಪ್ರಜೆ ಇರಬೇಕೆಂದು 2019ರ ಔಷಧ ಪ್ರಯೋಗ ನಿಯಮಗಳು ವಿಧಿಸುತ್ತವೆ. ಆದರೆ ಆ ಒಬ್ಬ ಸಾಮಾನ್ಯ ಪ್ರಜೆ ಅಧ್ಯಯನ ನಡೆಯುವ ಬಸ್ತಿಯವನೋ ಹಳ್ಳಿಯವನೋ ಆಗಿರಬೇಕೆಂದು ಎಲ್ಲೂ ಕಡ್ಡಾಯವಿಲ್ಲ. ವೈದ್ಯರು, ವಕೀಲರು, ಪ್ರಾಧ್ಯಾಪಕರ ನಡುವೆ ಒಂಟಿಯಾಗಿ ಕೂತವನು ಎಷ್ಟು ಮಾತಾಡಿಯಾನು? 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯಂತೂ ನಿಗದಿತ ಮಾನದಂಡ ಪಾಲಿಸಿದರೆ ಸಂಶೋಧನೆಗೆ ವಿನಾಯಿತಿ ಕೊಡುತ್ತದೆ. ಸಂಶೋಧನೆ ನಡೆಯಬೇಕೆಂದರೆ ಒಂದಿಷ್ಟು ವಿನಾಯಿತಿ ಬೇಕು, ನಿಜ. ಕಾನೂನು ಸಡಿಲ ಬಿಟ್ಟ ಜಾಗದಲ್ಲಿ ಜನರ ಕಣ್ಗಾವಲು ಬಿಗಿಯಾಗಬೇಕು ಎಂಬುದೂ ಅಷ್ಟೇ ನಿಜ.

ಈ ಮಾತಿಗೆ ಈಗ ತುರ್ತು ಇದೆ. ಜೀನೋಮ್ ಇಂಡಿಯಾ ಯೋಜನೆಯಲ್ಲಿ ಹತ್ತು ಸಾವಿರ ಭಾರತೀಯರ ವಂಶವಾಹಿ ನಕ್ಷೆ ಸಿದ್ಧವಾಗಿದೆ. ಅದನ್ನು ಮುನ್ನಡೆಸಿದ್ದು ಶ್ರೀನಿವಾಸಪುರದ ಅಧ್ಯಯನ ನಡೆಸುವ ಅದೇ ಬೆಂಗಳೂರಿನ ಕೇಂದ್ರ, ಪಾಲುದಾರ ಸಂಸ್ಥೆಗಳಲ್ಲಿ ಕೊಲ್ಕತ್ತದ ಹತ್ತಿರದ ಕಲ್ಯಾಣಿಯ ರಾಷ್ಟ್ರೀಯ ಜೈವಿಕ ವೈದ್ಯಕೀಯ ಜೀನೋಮಿಕ್ಸ್ ಸಂಸ್ಥೆಯೂ ಇದೆ. ವಂಶವಾಹಿಯ ದತ್ತಾಂಶ ಒಬ್ಬ ವ್ಯಕ್ತಿಗೆ ಮುಗಿಯುವುದಿಲ್ಲ. ಅಣ್ಣ ಕೊಟ್ಟ ರಕ್ತದಲ್ಲಿ ತಮ್ಮನ ಗುಟ್ಟಿದೆ, ಒಂದು ಸಮುದಾಯದ ನೂರು ಜನ ಕೊಟ್ಟದ್ದರಲ್ಲಿ ಇಡೀ ಸಮುದಾಯದ ಚರಿತ್ರೆ ಇದೆ. ಮೂವತ್ತು ವರ್ಷದ ನಂತರ ಯಾವುದೋ ಕಂಪನಿ ಅದರಿಂದ ಔಷಧಿ ಮಾಡಿದರೆ ಬೆಲೆಯಲ್ಲಿ ಆ ಜನರಿಗೆ ಪಾಲು ಉಂಟೋ ಇಲ್ಲವೋ ಎಂದು ಹೇಳಬೇಕಾದವರು ಯಾರು?

ಜನರನ್ನು ಸೇರಿಸಿಕೊಂಡರೆ ಅಧ್ಯಯನದ ನಿಷ್ಪಕ್ಷಪಾತ ಕೆಡುತ್ತದೆ ಎಂಬ ಆಕ್ಷೇಪಕ್ಕೆ ಉತ್ತರ ಕೊಡಲೇಬೇಕು. ಯಾರಿಗೆ ಲಸಿಕೆ ಎಂಬ ಚೀಟಿಯನ್ನು ಕಂಪ್ಯೂಟರೇ ಎತ್ತಲಿ, ಅದನ್ನು ಸಮಿತಿಯೂ ನೋಡುವುದು ಬೇಡ. ಆದರೆ ಯಾವ ರೋಗವನ್ನು ಮೊದಲು ಹಿಡಿಯಬೇಕು, ವರ್ಷಕ್ಕೆ ಎಷ್ಟು ಸಲ ರಕ್ತ ತೆಗೆಯಬೇಕು, ಕೂಲಿ ತಪ್ಪಿದ ದಿನಕ್ಕೆ ಏನು ಕೊಡಬೇಕು, ರಿಪೋರ್ಟ್ ಯಾವ ಭಾಷೆಯಲ್ಲಿರಬೇಕು, ಉಳಿದ ಮಾದರಿಯನ್ನು ಯಾರಿಗೆ ಕೊಡಬಹುದು ಎಂಬುದರಲ್ಲಿ ಯಾವುದೂ ಚೀಟಿಯ ಗುಟ್ಟನ್ನು ಮುಟ್ಟುವುದಿಲ್ಲ.

ಹಾಗಾಗಿ ಬೇಡಿಕೆ ಸರಳ. ಸಾರ್ವಜನಿಕ ಹಣದಿಂದ ಐದು ವರ್ಷಕ್ಕಿಂತ ಹೆಚ್ಚು ನಡೆಯುವ ಪ್ರತಿ ಜನಾರೋಗ್ಯ ಅಧ್ಯಯನಕ್ಕೂ ಅದರಲ್ಲಿ ಪಾಲ್ಗೊಂಡವರೇ ಆರಿಸಿದ ಸಮಿತಿ ಇರಬೇಕು, ಅರ್ಧದಷ್ಟು ಹೆಂಗಸರು ಇರಬೇಕು, ಕೂತ ದಿನಕ್ಕೆ ಭತ್ಯೆ ಸಿಗಬೇಕು. ವರ್ಷಕ್ಕೊಮ್ಮೆ ಫಲಿತಾಂಶವನ್ನು ಅದೇ ಓಣಿಯಲ್ಲಿ, ಬಂಗಾಳಿಯಲ್ಲೋ ಹಿಂದಿಯಲ್ಲೋ ಉರ್ದುವಿನಲ್ಲೋ ಕನ್ನಡದಲ್ಲೋ, ಜನರ ಮುಂದೆ ನಿಂತು ಹೇಳಬೇಕು. ಬಾಗಿಲು ತಟ್ಟುವ ಕಾರ್ಯಕರ್ತೆ ಕೇಳಿಸಿಕೊಂಡ ದೂರುಗಳಿಗೆ ನಮೂನೆಯಲ್ಲಿ ಜಾಗ ಇರಬೇಕು, ಅವಳ ಹೆಸರು ಪ್ರಬಂಧದಲ್ಲಿ ಬರಬೇಕು. ಮಗು 18 ದಾಟಿದ ದಿನ ಅದರ ಒಪ್ಪಿಗೆಯನ್ನು ಹೊಸದಾಗಿ ಕೇಳಬೇಕು, ಹೊರಗೆ ಹೋಗುತ್ತೇನೆ ಎಂದವರನ್ನು ಗೌರವದಿಂದ ಕಳಿಸಬೇಕು. ಲಸಿಕೆಯೋ ಔಷಧಿಯೋ ಗೆದ್ದರೆ ಪುರಾವೆ ಕೊಟ್ಟ ಊರಿಗೆ ಅದು ಮೊದಲು ತಲುಪುತ್ತದೆ ಎಂಬ ಕರಾರನ್ನು ಹಣ ಬಿಡುಗಡೆಗೆ ಮೊದಲೇ ಬರೆಯಬೇಕು. ಸಂಶೋಧನಾ ಮಂಡಳಿ ತನ್ನ ಮುಂದಿನ ಅನುದಾನದ ಅರ್ಜಿ ನಮೂನೆಯಲ್ಲಿ ಇದಕ್ಕೊಂದು ಕಡ್ಡಾಯ ಪುಟ ಸೇರಿಸಿದರೆ, ಮತ್ತು ಆ ಪುಟ ಖಾಲಿಯಿರುವ ಅರ್ಜಿಯನ್ನು ಹಿಂದಕ್ಕೆ ಕಳಿಸಿದರೆ, ಮೊದಲ ಸಮಿತಿಯ ಸಭೆ ಪೂರ್ವ ಕೊಲ್ಕತ್ತದ ನಾರ್ಕೇಲ್‌ಡಾಂಗಾದ ಯಾವುದಾದರೂ ಓಣಿಯ ಕ್ಲಬ್ಬಿನಲ್ಲೋ ಶ್ರೀನಿವಾಸಪುರದ ಗ್ರಾಮ ಪಂಚಾಯಿತಿ ಕಟ್ಟಡದಲ್ಲೋ ಒಂದೇ ವರ್ಷದೊಳಗೆ ನಡೆಯಬಹುದು. ಅದಕ್ಕೆ ಸಂಸತ್ತಿನ ಹೊಸ ಕಾಯ್ದೆಯೇನೂ ಬೇಕಾಗಿಲ್ಲ.